ಮಠದ ಅಜ್ಜಾರನ್ನು ಡಾಕ್ಟರು ವಾರ್ಡಿಗೆ ಬಿಡಲಿಲ್ಲ. ಈಗ ಏನು ಮಾಡೋದು?

ಪ್ರಶ್ನೆ: ನಾವು ಹೊಳಲ್ಕೆರೆ ತಾಲ್ಲೂಕಿನವರು. ನನ್ನ ತಮ್ಮನಿಗೆ 24 ವರ್ಷ. ಎರಡು ತಿಂಗಳಿಂದ ಅವನಿಗೆ ನಿದ್ದೆ ಇರಲಿಲ್ಲ. ಒಬ್ಬನೇ ಮಾತಾಡುತ್ತಿದ್ದ. ಬೆಟ್ಟದ ದೇವರು ಕರೀತಿದ್ದಾನೆ ಅಂತ ರಾತ್ರಿ ಎದ್ದು ಹೊರಡುತ್ತಿದ್ದ. ಮೊದಲು ಉಕ್ಕಡಗಾತ್ರಿಯ ಕರಿಬಸವೇಶ್ವರನ ಗುಡಿಗೆ ಕರೆದುಕೊಂಡು ಹೋದೆವು. ಆಮೇಲೆ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿದೆವು. ಮೂರನೇ ದಿನ ನಮ್ಮ ಮಠದ ಅಜ್ಜಾರು ನೋಡೋಕೆ ಬಂದರು. ಡಾಕ್ಟರು ಒಳಗೆ ಬಿಡಲಿಲ್ಲ. ಅಜ್ಜಾರು ಬೇಜಾರು ಮಾಡಿಕೊಂಡು ಹೋದರು. ಈಗ ತಮ್ಮ ಮನೆಗೆ ಬಂದಿದ್ದಾನೆ, ಸ್ವಲ್ಪ ಸುಧಾರಿಸಿದ್ದಾನೆ. ಅಪ್ಪ ಮಾತ್ರ "ಗುಳಿಗೆ ಸಾಕು, ಮಠದಾಗೇ ಇಟ್ಕೊಂಡು ನೋಡಣ" ಅಂತಿದ್ದಾರೆ. ನಮ್ಮ ಚಿಕ್ಕಪ್ಪನ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಅಲ್ಲಿ ಆಸ್ಪತ್ರೆಯಲ್ಲೇ ಚಾಪ್ಲೇನ್ ಅಂತ ಧರ್ಮಗುರುಗಳು ಇರ್ತಾರೆ, ಮನೋವೈದ್ಯರ ಜೊತೆ ಕೂತು ಕೆಲಸ ಮಾಡ್ತಾರೆ ಅಂತಾಳೆ. ನಮ್ಮ ಕಡೆ ಯಾಕೆ ಹಾಗಿಲ್ಲ? ಅಪ್ಪನಿಗೆ ನಾನು ಏನು ಹೇಳಲಿ?

ಉತ್ತರ: ಗುಳಿಗೆಯ ವಿಷಯ ಮೊದಲು ಹೇಳಿಬಿಡುತ್ತೇನೆ, ತಂಗಿ. ಅದನ್ನು ನಿಲ್ಲಿಸಬೇಡಿ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಇದು ಸೈಕೋಸಿಸ್, ಅಂದರೆ ಇಲ್ಲದ ದನಿ ಕೇಳುವ, ಇಲ್ಲದ್ದನ್ನು ಗಟ್ಟಿಯಾಗಿ ನಂಬುವ ಕಾಯಿಲೆಯ ಥರ ಕಾಣುತ್ತದೆ. ಸ್ಕಿಜೋಫ್ರೀನಿಯಾನಾ, ಬೈಪೋಲಾರಾ, ಬೇರೆ ಇನ್ನೇನಾದರೂ ಇದೆಯಾ ಅನ್ನೋದನ್ನು ಅವನನ್ನು ನೋಡಿದ ಡಾಕ್ಟರೇ ಹೇಳಬೇಕು. ಯಾವುದಾದರೂ ಸರಿ, ಗುಳಿಗೆ ಪೂರ್ತಿ ಕೆಲಸ ಮಾಡೋಕೆ ವಾರಗಟ್ಟಲೆ ಬೇಕು. ನಿದ್ದೆ ಬೇಗ ಬರುತ್ತದೆ. ಕಿವಿಯಲ್ಲಿ ಕೇಳೋ ದನಿ ಇಳಿಯುವುದು ನಿಧಾನ. ನಿದ್ದೆ ಬಂತು, ಊಟ ಮಾಡ್ತಿದ್ದಾನೆ, ಹುಷಾರಾದ ಅಂತ ಮನೆಯವರಿಗೆ ಅನಿಸುವ ಹೊತ್ತಿನಲ್ಲೇ ಗುಳಿಗೆ ಬಿಡುವವರು ಜಾಸ್ತಿ. ಕಾಯಿಲೆ ಮತ್ತೆ ಬರೋದಕ್ಕೆ ದೊಡ್ಡ ಕಾರಣವೂ ಅದೇ. ಮೊದಲ ಸಲ ಬಂದ ಸೈಕೋಸಿಸ್‌ಗೆ, ಪೂರ್ತಿ ಚೇತರಿಸಿಕೊಂಡ ಮೇಲೂ, ಕಡೇಪಕ್ಷ ಒಂದೆರಡು ವರ್ಷ ಔಷಧಿ ಮುಂದುವರಿಸಿ ಅಂತ ಮನೋವೈದ್ಯರಾದ ನಾವು ಹೇಳುತ್ತೇವೆ. ಕೈ ನಡುಗುತ್ತಿದ್ದರೆ, ತುಂಬಾ ಮಂಪರು ಇದ್ದರೆ, ಮೈ ದಪ್ಪ ಆಗುತ್ತಿದ್ದರೆ ಡಾಕ್ಟರಿಗೆ ಹೇಳಿ. ಪ್ರಮಾಣ ಕಡಿಮೆ ಮಾಡಬಹುದು, ಗುಳಿಗೆ ಬದಲಿಸಬಹುದು. ನೀವಾಗೇ ಬಿಡಬೇಡಿ.

ಈ ಮಾತನ್ನು ನಿಮ್ಮ ಅಪ್ಪನಿಗೆ ಹೇಳೋಕೆ ನನಗಿಂತ, ನಿಮಗಿಂತ, ಆ ಅಜ್ಜಾರೇ ಸರಿಯಾದ ವ್ಯಕ್ತಿ. "ಗುಳಿಗೆ ತಗೋ, ಪೂಜೆನೂ ಮಾಡು" ಅಂತ ಅವರು ಒಂದು ಮಾತು ಅಂದರೆ ಅಪ್ಪ ತೆಗೆದು ಹಾಕೋಲ್ಲ. ಅದಕ್ಕೇ ಅವರನ್ನು ಬೇಜಾರು ಮಾಡಿಸಿ ಕಳಿಸಿದ್ದು ಚಿಕಿತ್ಸೆಗೇ ಆದ ನಷ್ಟ ಅಂತ ನಾನು ತಿಳಿಯುತ್ತೇನೆ.

ಹಾಗಾದರೆ ಡಾಕ್ಟರು ತಡೆದದ್ದು ತಪ್ಪಾ? ಅರ್ಧ ತಪ್ಪು. ಸೈಕೋಸಿಸ್ ಜೋರಾಗಿರುವ ಮೊದಲ ದಿನಗಳಲ್ಲಿ ಯಾರು ಬಂದರೂ ರೋಗಿಗೆ ಬೇರೆ ಥರ ಕಾಣಬಹುದು. ದೇವರು ಕರೀತಿದ್ದಾನೆ ಅಂತ ಗಟ್ಟಿಯಾಗಿ ನಂಬಿರುವ ಹುಡುಗನ ಮುಂದೆ ಕಾವಿ ತೊಟ್ಟವರು ಬಂದು ನಿಂತರೆ, ತನ್ನನ್ನು ಕರೆದುಕೊಂಡು ಹೋಗೋಕೇ ಬಂದರು ಅಂತ ಅವನು ತಿಳಿಯಬಹುದು. ಅವರ ಮೇಲೇ ಅನುಮಾನ ಬಂದು ಕೈ ಎತ್ತಲೂಬಹುದು. ಆದ್ದರಿಂದ ನಾಲ್ಕು ದಿನ ಬೇಡ ಅನ್ನೋಕೆ ಒಳ್ಳೆಯ ಕಾರಣ ಇರುತ್ತದೆ. ಆದರೆ ಆ ಕಾರಣವನ್ನು ಹೇಳಬೇಕು. ಅಜ್ಜಾರನ್ನು ಹೊರಗೆ ಕೂರಿಸಿ, "ಬುದ್ಧಿ, ಹಿಂಗಿದೆ ಪರಿಸ್ಥಿತಿ, ಮುಂದಿನ ವಾರ ಬರ್ರಿ, ಅಷ್ಟರಲ್ಲಿ ಹುಡುಗ ಮಾತಾಡೋ ಹಂಗಾಗಿರ್ತಾನೆ" ಅಂದಿದ್ದರೆ ಐದು ನಿಮಿಷದ ಕೆಲಸ ಅಲ್ವಾ? ಬಾಗಿಲಲ್ಲೇ ಕಳಿಸಿಬಿಟ್ಟಿದ್ದರೆ ಅದನ್ನು ನಾನು ಒಪ್ಪೋಲ್ಲ.

ಕಾನೂನು ಕೂಡ ಇಲ್ಲಿ ಸ್ಪಷ್ಟವಾಗಿದೆ. ಆಸ್ಪತ್ರೆಯವರಿಗೇ ಇದು ಸರಿಯಾಗಿ ಗೊತ್ತಿರುವುದು ಕಡಿಮೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 20ನೇ ಸೆಕ್ಷನ್ ನೋಡಿ. ಮನೋರೋಗಿಗೆ ಸಿಗಬೇಕಾದ ಸೌಲಭ್ಯಗಳಲ್ಲಿ ಬಿಡುವು, ಮನರಂಜನೆ, ಶಿಕ್ಷಣದ ಜೊತೆಗೆ ಧಾರ್ಮಿಕ ಆಚರಣೆಯನ್ನೂ ಅದು ಸೇರಿಸಿದೆ. 26ನೇ ಸೆಕ್ಷನ್ ಪ್ರಕಾರ ತನ್ನನ್ನು ನೋಡೋಕೆ ಬಂದವರನ್ನು ಭೇಟಿ ಮಾಡುವ ಹಕ್ಕು ರೋಗಿಗಿದೆ. ಬೇಡ ಅನ್ನುವ ಹಕ್ಕೂ ಇದೆ. ಇದೆಲ್ಲ ಆಸ್ಪತ್ರೆಯ ಸಮಯ, ನಿಯಮಕ್ಕೆ ಒಳಪಟ್ಟದ್ದು. ಇಲ್ಲಿ ಒಂದು ವಿಷಯ ಗಮನಿಸಿ. ಹಕ್ಕು ನಿಮ್ಮ ತಮ್ಮನದು. ಅಪ್ಪನದೂ ಅಲ್ಲ, ಡಾಕ್ಟರದೂ ಅಲ್ಲ, ಮಠದ್ದೂ ಅಲ್ಲ. ಅಜ್ಜಾರು ಬರಲಾ ಅಂತ ಅವನನ್ನು ಯಾರಾದರೂ ಕೇಳಿದ್ದರಾ? ಬಹುಶಃ ಯಾರೂ ಕೇಳಿರಲಿಕ್ಕಿಲ್ಲ.

ಈಗ ನಿಮ್ಮ ಚಿಕ್ಕಪ್ಪನ ಮಗಳು ಹೇಳಿದ ಚಾಪ್ಲೇನ್ ವಿಷಯಕ್ಕೆ ಬರುತ್ತೇನೆ. ಅವಳು ಹೇಳಿದ್ದು ನಿಜ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಾಪ್ಲೇನ್‌ಗಳು ಸಂಬಳ ಪಡೆಯುವ ಸಿಬ್ಬಂದಿ. ಕ್ರೈಸ್ತರಷ್ಟೇ ಅಲ್ಲ, ಮುಸ್ಲಿಮರು, ಹಿಂದೂಗಳು, ಸಿಖ್ಖರೂ ಇದ್ದಾರೆ. ಯಾವ ಧರ್ಮವನ್ನೂ ನಂಬದ ರೋಗಿಗಳಿಗೆ ಅಂತ ದೇವರ ಹೆಸರೆತ್ತದೆ ಮಾತಾಡಿಸುವವರೂ ಇದ್ದಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಇಂಥವರ ಪರಂಪರೆ ಇನ್ನೂ ಗಟ್ಟಿ. ಅಮೆರಿಕದಲ್ಲಿ ಮಾನ್ಯತೆ ಇರುವ ಚಾಪ್ಲೇನ್ ಆಗಬೇಕಾದರೆ ಧರ್ಮಶಾಸ್ತ್ರದ ಸ್ನಾತಕೋತ್ತರ ಓದಿನ ಮೇಲೆ ಆಸ್ಪತ್ರೆಯಲ್ಲೇ ಸುಮಾರು 1600 ಗಂಟೆ ತರಬೇತಿ ಪಡೆಯಬೇಕು. ಆ ತರಬೇತಿಯಲ್ಲಿ ಮುಖ್ಯವಾಗಿ ಕಲಿಸುವುದು ಉಪದೇಶ ಮಾಡದೆ ಕೇಳಿಸಿಕೊಳ್ಳುವುದನ್ನು. ರೋಗಿಯ ನಂಬಿಕೆ ಬದಲಿಸೋಕೆ ಹೋಗಬಾರದು, ಔಷಧಿಯ ಬಗ್ಗೆ ಸಲಹೆ ಕೊಡಬಾರದು, ಪ್ರಾಣಕ್ಕೆ ಅಪಾಯ ಕಂಡರೆ ತಂಡಕ್ಕೆ ತಿಳಿಸಬೇಕು. ಇಷ್ಟು ಶಿಸ್ತು ಇರುವುದರಿಂದಲೇ ಅಲ್ಲಿ ಮನೋವೈದ್ಯರು ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.

ಈ ಪದ್ಧತಿ ಶುರುವಾದ ಕಥೆಯನ್ನು ನಿಮ್ಮ ತಮ್ಮನಿಗೂ ಒಂದು ದಿನ ಹೇಳಿ. ಆಂಟನ್ ಬಾಯ್ಸನ್ ಅಂತ ಅಮೆರಿಕದ ಒಬ್ಬ ಪಾದ್ರಿ ಇದ್ದರು. 1920ರಲ್ಲಿ ಅವರಿಗೇ ಸೈಕೋಸಿಸ್ ಬಂದು ಮನೋರೋಗಿಗಳ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಅವರು ಕಂಡದ್ದು ಏನೆಂದರೆ, ಡಾಕ್ಟರುಗಳಿಗೆ ಧರ್ಮದ ಮಾತು ಬೇಡ, ಪಾದ್ರಿಗಳಿಗೆ ಹುಚ್ಚಿನ ಮಾತು ಬೇಡ. ಮಧ್ಯದಲ್ಲಿದ್ದ ರೋಗಿಗೆ ಮಾತಾಡೋಕೆ ಯಾರೂ ಇಲ್ಲ. ಗುಣವಾಗಿ ಹೊರಬಂದ ಬಾಯ್ಸನ್ 1924ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸರ್ಕಾರಿ ಮನೋರೋಗ ಆಸ್ಪತ್ರೆಯಲ್ಲಿ ಚಾಪ್ಲೇನ್ ಆದರು. ಮರುವರ್ಷ ಧರ್ಮಶಾಸ್ತ್ರ ಓದುವ ನಾಲ್ಕು ಜನರನ್ನು ಅಲ್ಲಿಗೆ ಕರೆಸಿ ವಾರ್ಡಿನ ಕೆಲಸಕ್ಕೆ ಹಚ್ಚಿದರು. ಪುಸ್ತಕ ಓದುವ ಹಾಗೆ ರೋಗಿಯ ಬದುಕನ್ನು ಓದಿ ಅನ್ನೋದು ಅವರ ಪಾಠ. ಇವತ್ತಿನ ಚಾಪ್ಲೇನ್ ತರಬೇತಿ ಅಲ್ಲಿಂದ ಬೆಳೆದದ್ದು. ಅಂದರೆ ಈ ಎರಡು ಕಡೆಯವರನ್ನು ಒಂದು ಕಡೆ ತಂದದ್ದು ಸ್ವತಃ ಒಬ್ಬ ರೋಗಿ.

ಆದರೆ ಅಲ್ಲೂ ಎಲ್ಲ ಸಲೀಸಾಗಿ ಆಗಲಿಲ್ಲ. ಮನೋವಿಶ್ಲೇಷಣೆ ಶುರು ಮಾಡಿದ, ಧರ್ಮವನ್ನು ಭ್ರಮೆ ಅಂದ ಫ್ರಾಯ್ಡ್ ಹೆಸರು ನೀವು ಕೇಳಿರಬಹುದು. ಅದೇ ಫ್ರಾಯ್ಡ್ 1909ರಿಂದ ತಾವು ಸಾಯುವ 1939ರವರೆಗೆ ಸ್ವಿಟ್ಜರ್‌ಲ್ಯಾಂಡಿನ ಒಬ್ಬ ಪಾದ್ರಿಗೆ, ಆಸ್ಕರ್ ಫಿಸ್ಟರ್‌ಗೆ, ಕಾಗದ ಬರೆಯುತ್ತಲೇ ಇದ್ದರು. ಜಗಳ ಆಡಿದರು, ಸ್ನೇಹ ಬಿಡಲಿಲ್ಲ. ಆಮೇಲಿನ ತಲೆಮಾರಿನ ಮನೋವೈದ್ಯರಿಗೆ ಜಗಳ ಮಾತ್ರ ನೆನಪಿತ್ತು. ಅಮೆರಿಕದಲ್ಲಿ 2007ರಲ್ಲಿ ಬಂದ ಒಂದು ಸಮೀಕ್ಷೆ ಪ್ರಕಾರ ಬೇರೆ ವೈದ್ಯರಿಗಿಂತ ಮನೋವೈದ್ಯರಲ್ಲಿ ದೇವರನ್ನು ನಂಬುವವರು ಕಡಿಮೆ. ತುಂಬಾ ದೈವಭಕ್ತರಾದ ವೈದ್ಯರು ತಮ್ಮ ರೋಗಿಗಳನ್ನು ಮನೋವೈದ್ಯರ ಹತ್ತಿರ ಕಳಿಸುವುದೂ ಕಡಿಮೆ. ಅನುಮಾನ ಎರಡೂ ಕಡೆ ಇದೆ ನೋಡಿ. ಈಗ ಗಾಳಿ ಬದಲಾಗಿದೆ. ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜಿನಲ್ಲಿ 1999ರಿಂದ ಅಧ್ಯಾತ್ಮದ ಬಗ್ಗೆಯೇ ಒಂದು ಗುಂಪು ಕೆಲಸ ಮಾಡುತ್ತಿದೆ. ವಿಶ್ವ ಮನೋವೈದ್ಯರ ಸಂಘ 2016ರ ತನ್ನ ಹೇಳಿಕೆಯಲ್ಲಿ ಎರಡು ಮಾತು ಹೇಳಿತು. ರೋಗಿಯ ಧರ್ಮ, ನಂಬಿಕೆಯ ಬಗ್ಗೆ ಕೇಳಿ ತಿಳಿಯಿರಿ, ಧರ್ಮದ ಹಿರಿಯರ ಜೊತೆ ಸೇರಿ ಕೆಲಸ ಮಾಡಿ. ನಿಮ್ಮ ಸ್ವಂತ ನಂಬಿಕೆಯನ್ನಾಗಲಿ ಅಪನಂಬಿಕೆಯನ್ನಾಗಲಿ ರೋಗಿಯ ಮೇಲೆ ಹೇರಬೇಡಿ.

ನಮ್ಮ ದೇಶದಲ್ಲಿ ವೆಲ್ಲೂರಿನ ಸಿಎಂಸಿಯಂಥ ಕ್ರೈಸ್ತ ಆಸ್ಪತ್ರೆಗಳಲ್ಲಿ ಚಾಪ್ಲೇನ್‌ಗಳು ಮೊದಲಿನಿಂದ ಇದ್ದಾರೆ. ಬೇರೆ ಕಡೆ ಈ ಕೆಲಸಕ್ಕೆ ಹುದ್ದೆ ಇಲ್ಲ, ತರಬೇತಿ ಇಲ್ಲ. ಆದರೆ ಕೆಲಸ ಮಾಡುವವರು ಇಲ್ಲ ಅನ್ನಬೇಡಿ. ನಮ್ಮ ಜಿಲ್ಲೆಗಳಲ್ಲಿ ಮಠದ ಅಜ್ಜಾರಿದ್ದಾರೆ, ಗುಡಿಯ ಪೂಜಾರಪ್ಪ ಇದ್ದಾರೆ, ಮಸೀದಿಯ ಮೌಲಾನಾ ಇದ್ದಾರೆ, ಹರಿಹರದ ಆರೋಗ್ಯ ಮಾತೆ ಚರ್ಚಿಗೆ ಎಲ್ಲ ಜಾತಿಯವರೂ ಹರಕೆ ಹೊತ್ತು ಹೋಗುತ್ತಾರೆ. ನನ್ನ ಓಪಿಡಿಗೆ ಬರುವವರಲ್ಲಿ ಇವರಲ್ಲಿ ಒಬ್ಬರ ಹತ್ತಿರವೂ ಹೋಗದೆ ನೇರ ಬಂದವರು ಅಪರೂಪ. ನೀವೂ ಉಕ್ಕಡಗಾತ್ರಿಗೆ ಹೋಗಿ ಬಂದಿರಿ. ಅದನ್ನು ಹೇಳೋಕೆ ಯಾಕೆ ನಾಚಿಕೆ? ಅಮಾವಾಸ್ಯೆ ದಿನ ಅಲ್ಲಿ ಸೇರುವ ಜನರನ್ನು ನೋಡಿ. ಮನೆಯಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡು ಬೀದಿಯವರ ಮಾತು ಕೇಳಿ ಸುಸ್ತಾದವರು, ನಮ್ಮಂಥವರೇ ಇಷ್ಟು ಮಂದಿ ಇದ್ದಾರಲ್ಲ ಅಂತ ಅಲ್ಲಿ ಉಸಿರು ಬಿಡುತ್ತಾರೆ. ಅದಕ್ಕೂ ಒಂದು ಬೆಲೆ ಇದೆ.

ಬೆಲೆ ಇದೆ ಅಂತ ಸುಮ್ನೆ ಹೇಳುತ್ತಿಲ್ಲ. ನಿಮ್ಹಾನ್ಸ್‌ನ ತಂಡವೊಂದು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ಉಳಿದುಕೊಂಡಿದ್ದ 31 ಮನೋರೋಗಿಗಳನ್ನು ಗಮನಿಸಿ 2002ರಲ್ಲಿ ಬರೆಯಿತು. ಹೆಚ್ಚಿನವರಿಗೆ ಇದ್ದದ್ದು ಸ್ಕಿಜೋಫ್ರೀನಿಯಾ ಥರದ ಭಾರಿ ಕಾಯಿಲೆ. ಅಲ್ಲಿ ವಿಶೇಷ ಮಂತ್ರ, ಪೂಜೆ ಏನೂ ಮಾಡುತ್ತಿರಲಿಲ್ಲ. ಬೆಳಿಗ್ಗೆ ಪೂಜೆಗೆ ಕೂರುವುದು, ಕಸ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಜೊತೆಗೆ ಮನೆಯವರೊಬ್ಬರು. ಗುಡಿ ಬಿಡುವ ಹೊತ್ತಿಗೆ ರೋಗಲಕ್ಷಣದ ಅಂಕ ಹತ್ತಿರ ಹತ್ತಿರ ಶೇ. 20ರಷ್ಟು ಇಳಿದಿತ್ತು. ಸಣ್ಣ ಅಧ್ಯಯನ, ಹೋಲಿಸಿ ನೋಡೋಕೆ ಇನ್ನೊಂದು ಗುಂಪು ಇರಲಿಲ್ಲ. ಇದನ್ನು ಹಿಡಿದುಕೊಂಡು ಗುಳಿಗೆ ಬೇಡ ಅನ್ನೋಕೆ ಬರೋಲ್ಲ. ಆದರೆ ಹೊಡೆಯದೆ, ಕಟ್ಟದೆ, ಗೌರವದಿಂದ ಜೊತೆಗೆ ಇಟ್ಟುಕೊಂಡರೆ ಮನುಷ್ಯನಿಗೆ ಏನೋ ಒಳ್ಳೆಯದಾಗುತ್ತದೆ ಅನ್ನುವುದು ಅದರಲ್ಲಿ ಕಾಣುತ್ತದೆ.

ಇನ್ನೊಂದು ಮುಖವನ್ನೂ ಮರೆಯಬಾರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಬಂದವರನ್ನು ಇಟ್ಟುಕೊಳ್ಳುತ್ತಿದ್ದ ಒಂದು ಖಾಸಗಿ ಮನೆಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಓಡಲಾರದೆ 28 ಜನ ಸತ್ತರು. ಈಗ 2017ರ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಮನೋರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಬಿಗಿಯುವಂತಿಲ್ಲ. ದೆವ್ವ ಬಿಡಿಸುತ್ತೇನೆ ಅಂತ ಹೊಡೆಯುವುದು, ಹಿಂಸೆ ಕೊಡುವುದು ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆಯಲ್ಲೂ ಅಪರಾಧ. ಮೆಣಸಿನಕಾಯಿ ಹೊಗೆ ಹಾಕುವವರು, ಬೆತ್ತ ಹಿಡಿಯುವವರು, ಬರೆ ಹಾಕುವವರು ಯಾರೇ ಆಗಲಿ, ಅಂಥವರ ಜೊತೆ ಸೇರಿ ಕೆಲಸ ಮಾಡುವ ಮಾತೇ ಇಲ್ಲ. ಇದರಲ್ಲಿ ನನಗೆ ಎರಡನೇ ಯೋಚನೆ ಇಲ್ಲ.

ಸರಿ, ಒಳ್ಳೆಯ ಅಜ್ಜಾರು ಮತ್ತು ಮನೋವೈದ್ಯರು ಸೇರಿದರೆ ಆಗುವ ಲಾಭ ಏನು? ನನ್ನ ಅನುಭವದಲ್ಲಿ ಮೊದಲ ಲಾಭ ನಮಗೇ. ಮೈಮೇಲೆ ದೇವರು ಬರುವ ವಿಷಯ ತಗೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ ಮೈಮೇಲೆ ಬರುವುದಕ್ಕೆ ಒಂದು ಕಾಯಿಲೆಯ ಹೆಸರಿದೆ. ಆದರೆ ಅದು ಆ ಜನರ ಆಚರಣೆಯ ಭಾಗವಾಗಿದ್ದರೆ ಕಾಯಿಲೆ ಅನ್ನಬೇಡಿ ಅಂತ ಅಲ್ಲೇ ಬರೆದಿದೆ. ಆಚರಣೆಯ ಭಾಗ ಹೌದೋ ಅಲ್ಲವೋ ಅಂತ ನನಗೆ ಹೇಗೆ ಗೊತ್ತಾಗಬೇಕು? ಚಳ್ಳಕೆರೆ ಕಡೆಯ ಒಬ್ಬ ಪೂಜಾರಪ್ಪ ಒಬ್ಬ ಹುಡುಗನ ಬಗ್ಗೆ ನನಗೆ ಹೀಗೆ ಹೇಳಿದರು: "ಸಾರ್, ನಮ್ಮಲ್ಲಿ ದೇವ್ರು ಬರಾಕೆ ದಿನ ಐತೆ, ಹೊತ್ತು ಐತೆ. ಬಂದ್ಮ್ಯಾಲೆ ಇಳೀತೈತೆ. ಇಳಿದ್ಮ್ಯಾಲೆ ಅವ್ನು ನೀರು ಕುಡ್ದು ಹೊಲಕ್ಕೆ ಹೋಗ್ತಾನೆ. ಈ ಹುಡುಗ್ನಿಗೆ ಇಳೀತಾನೇ ಇಲ್ಲ. ಇದು ದೇವ್ರಲ್ಲ." ನಾನು ಒಂದು ಗಂಟೆ ಕೂತು ತಿಳಿಯಬೇಕಾದ್ದನ್ನು ಅವರು ಐದಾರು ಮಾತಿನಲ್ಲಿ ಹೇಳಿದರು. ಅವರ ಮಾತಿನಿಂದಲೇ ಮನೆಯವರೂ ಅಡ್ಮಿಟ್ ಮಾಡೋಕೆ ಒಪ್ಪಿದರು.

ಇನ್ನೊಂದು ಉದಾಹರಣೆ ನಿಮ್ಮ ಮನೆಗೂ ಹತ್ತಿರದ್ದು. ಸಾಯುವ ಯೋಚನೆ ಇರುವ ರೋಗಿಯನ್ನು ಅಡ್ಮಿಟ್ ಮಾಡಿದಾಗ ನರ್ಸ್‌ಗಳು ಬೆಲ್ಟು, ದುಪಟ್ಟಾ, ದಾರ ಎಲ್ಲ ತೆಗೆಸುತ್ತಾರೆ. ಕುತ್ತಿಗೆಗೆ ಬಿಗಿದುಕೊಂಡಾರು ಅನ್ನೋ ಭಯಕ್ಕೆ ಇದು ಬೇಕೇ ಬೇಕು. ಆ ರೋಗಿ ಲಿಂಗವಂತರಾಗಿದ್ದರೆ ಕೊರಳಲ್ಲಿ ಶಿವದಾರ ಇರುತ್ತದೆ, ಅದರಲ್ಲಿ ಕರಡಿಗೆ, ಒಳಗೆ ಇಷ್ಟಲಿಂಗ. ಅದನ್ನು ಬಿಚ್ಚಿಸಿ ಒಂದು ಕವರಿಗೆ ಹಾಕಿ ಕಪಾಟಿನಲ್ಲಿ ಇಟ್ಟರೆ ಆ ಮನುಷ್ಯನಿಗೆ ಏನಾಗುತ್ತದೆ ಯೋಚಿಸಿ. ತನ್ನನ್ನು ದೇವರೂ ಕೈಬಿಟ್ಟ ಅಂತ ಮೊದಲೇ ಅಂದುಕೊಂಡಿರುತ್ತಾರೆ. ನಾವು ಅದನ್ನು ನಿಜ ಮಾಡಿ ತೋರಿಸಿದ ಹಾಗಾಗುತ್ತದೆ. ದಾರವನ್ನು ಹಾಗೇ ಬಿಟ್ಟರೆ ಪ್ರಾಣಕ್ಕೆ ಅಪಾಯ. ಇಂಥ ಕಡೆ ಅವರ ಮಠದವರೊಬ್ಬರು ಬೇಕು. ಲಿಂಗವನ್ನು ಮನೆಯ ಹಿರಿಯರ ಕೈಗೆ ಕೊಟ್ಟು, ದಿನಾ ಪೂಜೆಯ ಹೊತ್ತಿಗೆ ತಂದು ಅಂಗೈ ಮೇಲೆ ಇಟ್ಟುಕೊಳ್ಳುವ ಹಾಗೆ ಮಾಡಬಹುದು. ನರ್ಸ್ ಒಬ್ಬರು ಪಕ್ಕದಲ್ಲಿ ಕೂತಿರುತ್ತಾರೆ. "ಕಾಯಿಲೆ ಇರೋತನಕ ಹಿಂಗೇ ಇರ್ಲಿ, ಇದ್ರಾಗೆ ದೋಷ ಇಲ್ಲ" ಅಂತ ಅಜ್ಜಾರು ಹೇಳಿದರೆ ರೋಗಿ ಒಪ್ಪುತ್ತಾರೆ. ನಾನು ಅದೇ ಮಾತು ಹೇಳಿದರೆ ಅದಕ್ಕೆ ಆ ತೂಕ ಇರೋಲ್ಲ. ಹೇಳುವ ಅಧಿಕಾರವೂ ನನಗಿಲ್ಲ.

ಗೀಳು ಕಾಯಿಲೆಯಲ್ಲೂ ಹೀಗೇ. ನಮಾಜಿಗೆ ಮುಂಚೆ ವಜೂ ಮಾಡುತ್ತಾ ಅರ್ಧ ಗಂಟೆ ಕೈ ತೊಳೆಯುವವರಿದ್ದಾರೆ. ಮಡಿ ಅಂತ ದಿನಕ್ಕೆ ಹತ್ತು ಸಲ ಸ್ನಾನ ಮಾಡುವವರಿದ್ದಾರೆ. ಚಿಕಿತ್ಸೆಯಲ್ಲಿ ನಾವು ತೊಳೆಯುವುದನ್ನು ನಿಲ್ಲಿಸಿ ಅನ್ನುತ್ತೇವೆ. ಡಾಕ್ಟರು ನನ್ನಿಂದ ಪಾಪ ಮಾಡಿಸುತ್ತಿದ್ದಾರೆ ಅಂತ ರೋಗಿಗೆ ಅನಿಸುತ್ತದೆ. ಮೂರು ಸಲ ತೊಳೆದರೆ ಮುಗಿಯಿತು, ಅದಕ್ಕಿಂತ ಜಾಸ್ತಿ ಧರ್ಮದಲ್ಲೇ ಇಲ್ಲ ಅಂತ ಮೌಲಾನಾ ಒಂದು ಸಲ ಹೇಳಿದರೆ ದಾರಿ ಸಲೀಸು. ಒಂದೇ ಸಲ ಹೇಳಬೇಕು, ಇದು ಮುಖ್ಯ. ದಿನಾ ಫೋನ್ ಮಾಡಿ "ಹಜರತ್, ಸರಿ ಆಯ್ತಾ, ಸರಿ ಆಯ್ತಾ" ಅಂತ ಕೇಳುವುದೂ ಅದೇ ಗೀಳಿನ ಇನ್ನೊಂದು ರೂಪ. ಅದನ್ನು ಮೌಲಾನಾರಿಗೆ ನಾನು ಮೊದಲೇ ಹೇಳಿರಬೇಕು. ಇಬ್ಬರೂ ಮಾತಾಡಿಕೊಳ್ಳಬೇಕು ಅನ್ನೋದು ಇಂಥದಕ್ಕೇ.

ಅವರಿಂದ ನಮಗೆ ಬರಬೇಕಾದ ಸುದ್ದಿಯೂ ಇದೆ. ಒಬ್ಬರು ಚರ್ಚಿನಲ್ಲಿ ಪಾಪನಿವೇದನೆ ಮಾಡಿ ಕ್ಷಮೆ ಸಿಕ್ಕ ಮೇಲೂ ಅದೇ ಸಣ್ಣ ತಪ್ಪಿಗೆ ವಾರವಾರ ಬಂದು ಅಳುತ್ತಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಅದು ಖಿನ್ನತೆ ಇರಬಹುದು. ಕೇಳಿದ ಮಾತನ್ನು ಫಾದರ್ ಯಾರಿಗೂ ಹೇಳುವಂತಿಲ್ಲ, ನಾನು ಕೇಳಲೂಬಾರದು. ಆದರೆ "ಒಂದ್ಸಲ ಡಾಕ್ಟರಿಗೆ ತೋರಿಸಮ್ಮ" ಅಂತ ಅವರಿಗೇ ಹೇಳಬಹುದಲ್ಲ.

ಇನ್ನು ಉಪವಾಸ, ಜಾಗರಣೆ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಗುಳಿಗೆ ಇದೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ವಾಂತಿ, ನಡುಕ, ತೊದಲು, ಮಂಕು ಬಡಿಯಬಹುದು, ಪ್ರಾಣಕ್ಕೂ ತೊಂದರೆ. ಹಾಗಾಗಿ ಏಪ್ರಿಲ್ ಬಿಸಿಲಲ್ಲಿ ನೀರೂ ಕುಡಿಯದೆ ವ್ರತ ಹಿಡಿಯುವುದು, ರೋಜಾ ಇಡುವುದು ಲಿಥಿಯಂ ತಗೊಳ್ಳುವವರಿಗೆ ಡಾಕ್ಟರನ್ನು ಕೇಳದೆ ಮಾಡುವ ಕೆಲಸ ಅಲ್ಲ. ಜಾಗರಣೆಯೂ ಹಾಗೇ. ಒಂದು ರಾತ್ರಿ ನಿದ್ದೆ ಕೆಟ್ಟರೂ ಉನ್ಮಾದ ಶುರುವಾಗುವ ರೋಗಿಗಳಿದ್ದಾರೆ. ಕಾಯಿಲೆ ಇದ್ದವರಿಗೆ ವಿನಾಯಿತಿ ಎಲ್ಲ ಧರ್ಮದಲ್ಲೂ ಇದೆ. ಆ ವಿನಾಯಿತಿಯನ್ನು ಕೊಡಬೇಕಾದವರು ಗುರುಗಳು. ಅದು ಯಾಕೆ ಬೇಕು ಅಂತ ಅವರಿಗೆ ತಿಳಿಸಬೇಕಾದವರು ನಾವು.

ಸೇರಿ ಕೆಲಸ ಮಾಡಿದರೆ ಫಲ ಇದೆಯಾ ಅಂತ ದೊಡ್ಡ ಪ್ರಮಾಣದಲ್ಲೇ ನೋಡಿದ್ದಾರೆ. ಘಾನಾ, ನೈಜೀರಿಯಾ ದೇಶಗಳಲ್ಲಿ ನಮ್ಮ ಹಾಗೇ ಜನ ಮೊದಲು ನಾಟಿ ವೈದ್ಯರು, ಪ್ರಾರ್ಥನೆ ಮಾಡುವವರ ಹತ್ತಿರ ಹೋಗುತ್ತಾರೆ. ಅಲ್ಲಿ 307 ಸೈಕೋಸಿಸ್ ರೋಗಿಗಳ ಮೇಲೆ ಮಾಡಿದ ಅಧ್ಯಯನ 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದವರು ಆ ಜಾಗಕ್ಕೇ ಹೋಗಿ ಔಷಧಿ ಕೊಟ್ಟರು. ಕಟ್ಟಿಹಾಕುವುದು, ಉಪವಾಸ ಕೆಡವುವುದು ಬೇಡ ಅಂತ ಅಲ್ಲಿಯವರ ಜೊತೆ ಮಾತಾಡಿದರು. ಪ್ರಾರ್ಥನೆ ಅದರ ಪಾಡಿಗೆ ನಡೆಯಿತು. ಇನ್ನೊಂದು ಗುಂಪಿಗೆ ಎಂದಿನ ಥರ. ಆರು ತಿಂಗಳ ನಂತರ ಸೇರಿ ಕೆಲಸ ಮಾಡಿದ ಗುಂಪಿನ ರೋಗಿಗಳು ಚೆನ್ನಾಗಿಯೇ ಮುಂದಿದ್ದರು. ನಮ್ಮ ದೇಶದಲ್ಲೂ ಗುಜರಾತಿನ ಉನಾವಾ ಊರಿನ ಮೀರಾ ದಾತಾರ್ ದರ್ಗಾದಲ್ಲಿ 'ದವಾ-ದುವಾ' (ಔಷಧಿ-ಪ್ರಾರ್ಥನೆ) ಅಂತ ಇದೇ ಥರದ ಕೆಲಸ ನಡೆದಿದೆ. ದುವಾ ಮಾಡಿಸಿಕೊಂಡವರನ್ನು ಅಲ್ಲಿಯ ಮುಜಾವರರೇ ಅಲ್ಲೇ ಇರುವ ಡಾಕ್ಟರ ಹತ್ತಿರ ಕಳಿಸುತ್ತಾರೆ.

ಹಾಗಾದರೆ ದಾವಣಗೆರೆ, ಚಿತ್ರದುರ್ಗದಲ್ಲಿ ಯಾಕೆ ಆಗಬಾರದು? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಮ್ಮ ಪಕ್ಕದ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿ ತೋರಿಸಿದ್ದನ್ನು 1996ರಿಂದ ದೇಶಕ್ಕೆ ಹರಡಿದರು. ಆ ತಂಡಗಳಲ್ಲಿ ಮನೋವೈದ್ಯರ ಜೊತೆ ಸಮಾಜ ಕಾರ್ಯಕರ್ತರೂ ಇರುತ್ತಾರೆ. ಮಠ, ಮಸೀದಿ, ಚರ್ಚಿನವರ ಜೊತೆ ಮಾತುಕತೆ ಶುರು ಮಾಡೋಕೆ ಅವರು ಸಾಕು. ಕೇಳಿಸಿಕೊಳ್ಳುವುದನ್ನು, ಅಪಾಯದ ಸೂಚನೆ ಗುರುತಿಸುವುದನ್ನು ಕಲಿಯೋಕೆ ಒಪ್ಪುವ ಧರ್ಮದ ಹಿರಿಯರ ಒಂದು ಪಟ್ಟಿ ಆಸ್ಪತ್ರೆಯಲ್ಲಿ ಇರಲಿ. ರೋಗಿ ಹೌದು ಅಂದರೆ ಮಾತ್ರ ಅವರಿಗೆ ಫೋನ್ ಹೋಗಲಿ.

ಇಲ್ಲಿ ನನಗೆ ಒಂದು ಕಳವಳವೂ ಇದೆ. ನಮ್ಮಲ್ಲಿ ಮಠ ಅಂದರೆ ಜಾತಿಯೂ ಹೌದು. ಒಂದೇ ಮಠದವರನ್ನು ಇಡೀ ವಾರ್ಡಿಗೆ ಕರೆತಂದರೆ, ಪಕ್ಕದ ಮಂಚದ ದಲಿತ ಹುಡುಗನಿಗೆ ಆಸ್ಪತ್ರೆಯಲ್ಲೂ ತಾನು ಹೊರಗಿನವನು ಅನಿಸಬಹುದು. ದೇವರನ್ನೇ ನಂಬದವರಿಗೆ ಅದು ಹಿಂಸೆ ಆಗಬಹುದು. ಮತಾಂತರದ ಅನುಮಾನ ಒಂದು ಸಲ ಎದ್ದರೆ ಇಡೀ ಕೆಲಸ ನಿಂತುಹೋಗುತ್ತದೆ. ಅದಕ್ಕೇ ಬಂದವರು ಕರೆದ ರೋಗಿಯನ್ನಷ್ಟೇ ನೋಡಬೇಕು, ಪ್ರಚಾರ ಮಾಡಬಾರದು, ದಕ್ಷಿಣೆ ಮುಟ್ಟಬಾರದು. ರೋಗಿಯ ಕಾಯಿಲೆಯ ವಿವರ ಅವರಿಗೆ ಹೇಳೋದಕ್ಕೂ ರೋಗಿಯ ಒಪ್ಪಿಗೆ ಬೇಕು. ಕಾಯ್ದೆಯ 23ನೇ ಸೆಕ್ಷನ್ ಅದನ್ನು ಕಾಪಾಡುತ್ತದೆ. ಗುರುಗಳು ಎಷ್ಟೇ ದೊಡ್ಡವರಾದರೂ ಕೇಸ್ ಶೀಟ್ ಅವರ ಕೈಗೆ ಹೋಗುವಂತಿಲ್ಲ.

ಇದೆಲ್ಲ ಆಗೋವರೆಗೆ ನೀವು ಕಾಯಬೇಕಿಲ್ಲ. ಮೊದಲು ತಮ್ಮನನ್ನೇ ಕೇಳಿ, "ಅಜ್ಜಾರನ್ನ ನೋಡ್ಬೇಕು ಅನ್ಸುತ್ತಾ? ನಿನ್ ಕಾಯ್ಲೆ ವಿಷಯ ಅವರಿಗೆ ಹೇಳ್ಲಾ?" ಅಂತ. ಅವನು ಬೇಡ ಅಂದರೆ ಸದ್ಯಕ್ಕೆ ಬಿಡಿ. ಹೌದು ಅಂದರೆ ಅಪ್ಪನನ್ನೂ ಕರೆದುಕೊಂಡು ಮಠಕ್ಕೆ ಹೋಗಿ. ಆಸ್ಪತ್ರೆಯಲ್ಲಿ ಹಾಗಾದದ್ದಕ್ಕೆ ಬೇಜಾರಾಯಿತು ಅಂತ ಹೇಳಿ. ಡಾಕ್ಟರ ಚೀಟಿ ತೋರಿಸಿ. ಆಶೀರ್ವಾದದ ಜೊತೆ ಗುಳಿಗೆ ಬಿಡಬೇಡ ಅಂತ ಅವನಿಗೂ ಅಪ್ಪನಿಗೂ ಹೇಳಿ ಬುದ್ಧಿ ಅಂತ ಕೇಳಿಕೊಳ್ಳಿ. ವಿಭೂತಿ, ತಾಯತಕ್ಕೆ ನಮ್ಮ ತಕರಾರಿಲ್ಲ. ಹೊಟ್ಟೆಗೆ ತಗೊಳ್ಳುವ ಭಸ್ಮ, ಕಷಾಯ, ಬೇರು ಏನೇ ಕೊಟ್ಟರೂ ಡಾಕ್ಟರಿಗೆ ತೋರಿಸಿಯೇ ಕೊಡಿ. ಅವನು ಮಠದಲ್ಲಿ ನಾಲ್ಕು ದಿನ ಇರಬೇಕು ಅಂದರೆ ಇರಲಿ. ಜೊತೆಗೆ ಮನೆಯವರೊಬ್ಬರು ಇರಿ, ಗುಳಿಗೆ ನೀವೇ ಕೈಯಾರೆ ಕೊಡಿ, ರಾತ್ರಿ ಪೂರ್ತಿ ನಿದ್ದೆ ಮಾಡಲಿ. ಭಜನೆ, ಜಾಗರಣೆಗೆ ಕೂರಿಸಬೇಡಿ.

ಮುಂದಿನ ಸಲ ಡಾಕ್ಟರನ್ನು ನೋಡೋಕೆ ಹೋದಾಗ, ತಮ್ಮ ಒಪ್ಪಿದರೆ, ಅಜ್ಜಾರನ್ನೂ ಕರೆದುಕೊಂಡು ಹೋಗಬಹುದು. ಹಿಂದಿನ ದಿನವೇ ಫೋನ್ ಮಾಡಿ ಹತ್ತು ನಿಮಿಷ ಜಾಸ್ತಿ ಬೇಕು ಅಂತ ಕೇಳಿ. ಒಳಗೆ ಹೋದ ಮೇಲೆ ಮೊದಲು ತಮ್ಮ ಮಾತಾಡಲಿ. ದಾವಣಗೆರೆಗೆ ಪದೇ ಪದೇ ಓಡಾಡೋದು ಕಷ್ಟ ಆದರೆ, ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆ ಅಂತ ಹೊಳಲ್ಕೆರೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮತ್ತೆ ನಿದ್ದೆ ಕೆಟ್ಟರೆ, ರಾತ್ರಿ ಎದ್ದು ಹೊರಟರೆ, ಸಾಯುವ ಮಾತಾಡಿದರೆ ಮಠಕ್ಕೂ ಬೇಡ, ಉಕ್ಕಡಗಾತ್ರಿಗೂ ಬೇಡ, ಆ ಹೊತ್ತಲ್ಲೇ ಆಸ್ಪತ್ರೆಗೆ ಕರೆತನ್ನಿ. ಏನು ಮಾಡೋದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.